ಕಿವಿಗೊಂದು ಕದ

ಕಣ್ಣಿಗೆ ರೆಪ್ಪೆ ಕೊಟ್ಟ ದೇವರು ಕಿವಿಗೇಕೆ ಏನೂ ಕೊಡಲಿಲ್ಲ ಎಂಬ ಪ್ರಶ್ನೆ ನನ್ನನ್ನು ಬಹಳ ವರ್ಷಗಳಿಂದ ಕಾಡುತ್ತಿದೆ. ನೋಡಬಾರದ್ದು ಕಂಡರೆ ಕಣ್ಣು ಮುಚ್ಚಬಹುದು. ಆಡಬಾರದ ಮಾತು ನಾಲಿಗೆಯ ತುದಿಗೆ ಬಂದರೆ ತುಟಿ ಬಿಗಿಹಿಡಿಯಬಹುದು. ಕಿವಿಗೆ ಮಾತ್ರ ಬಾಗಿಲೂ ಇಲ್ಲ, ಚಿಲಕವೂ ಇಲ್ಲ. ಹಗಲೂ ರಾತ್ರಿಯೂ ತೆರೆದೇ ಇರುವ ಧರ್ಮಛತ್ರ. ಅದರಲ್ಲೂ ನಮ್ಮ ಹೆಂಗಸರ ಕಿವಿ! ಗಂಡಸರ ಕಷ್ಟವನ್ನು ದೇವರು ಆಮೇಲೆ ಯೋಚಿಸಿ ಅವರಿಗೆ ದಿನಪತ್ರಿಕೆ ಎಂಬ ಪರದೆಯನ್ನು ದಯಪಾಲಿಸಿದ. ಅದನ್ನು ಮುಖದ ಮುಂದೆ ಹಿಡಿದರೆ ಸಾಕು, ಪಕ್ಕದಲ್ಲಿ ಸಿಡಿಲು ಬಡಿದರೂ ಕೇಳಿಸದು. ನಮಗೆ ಆ ಸೌಲಭ್ಯವಿಲ್ಲ. ಹಾಲು ಉಕ್ಕುವ ಮುನ್ನ ಪಾತ್ರೆಯ ಅಂಚಿನಲ್ಲಿ ಮಾಡುವ ಸಣ್ಣ ಸದ್ದು, ಕುಕ್ಕರಿನ ಮೂರನೆಯ ಸೀಟಿ, ತೊಟ್ಟಿ ತುಂಬಿ ಹರಿಯುವ ನೀರು, ಹಿತ್ತಲ ಕದ ತಳ್ಳಿಕೊಂಡು ಬಂದ ಬೀದಿನಾಯಿ, ಒಳಕೋಣೆಯಲ್ಲಿ ಅತ್ತೆಯ ಕೆಮ್ಮು - ಇಷ್ಟನ್ನೂ ಏಕಕಾಲದಲ್ಲಿ ಕೇಳಿಸಿಕೊಳ್ಳುತ್ತ, ಮೇಲೆ ಫೋನಿನಲ್ಲಿ ತಂಗಿಯ ಮಾತಿಗೆ ‘ಹೂಂ’ ಎನ್ನುತ್ತ ನಿಲ್ಲಬಲ್ಲವಳೇ ಗೃಹಿಣಿ. ಮನೆಗೆ ಬೀಗ ಬೇರೆ ಇರಬಹುದು, ಕಾವಲುಗಾರ ಮಾತ್ರ ಅವಳ ಕಿವಿಯೇ.

ನಮ್ಮದು ಶಿಕಾರಿಪುರ ತಾಲ್ಲೂಕಿನ ಅಂಜನಾಪುರ. ಕುಮುದ್ವತಿಗೆ ಕಟ್ಟಿದ ಜಲಾಶಯದ ದೆಸೆಯಿಂದ ಸುತ್ತಿನವರಿಗೆಲ್ಲ ಗೊತ್ತಿರುವ ಹೆಸರು. ಮಳೆಗಾಲದಲ್ಲಿ ಜಲಾಶಯ ತುಂಬಿ ಕೋಡಿ ಬಿತ್ತೆಂದರೆ ನೀರು ನೋಡಲು ಬರುವವರ ಜಾತ್ರೆ. ಬಂದ ಬಂಧುಗಳು ನಮ್ಮ ಮನೆಗೂ ಬಂದು, ಮಂಡಕ್ಕಿ ತಿಂದು, ಕಾಫಿ ಕುಡಿದು, “ನೀವೇ ಪುಣ್ಯವಂತರು ಬಿಡಿ, ಎಷ್ಟು ನಿಶ್ಶಬ್ದ ಇಲ್ಲಿ!” ಎಂದು ಹೊಗಳಿ ಹೋಗುತ್ತಾರೆ. ಅವರು ಬರುವುದು ಮಳೆಗಾಲದಲ್ಲಿ. ಅಡಿಕೆ ಸುಗ್ಗಿಯಲ್ಲಿ ಬಂದು ನೋಡಲಿ! ನಮ್ಮ ಮನೆಯಿಂದ ಒಂದು ಮನೆಯಾಚೆ ನಾಲ್ಕು ವರ್ಷದ ಹಿಂದೆ ಚೇಣಿಯವರೊಬ್ಬರು ಅಡಿಕೆ ಸುಲಿಯುವ ಯಂತ್ರ ಇಟ್ಟರು. ಸುಗ್ಗಿ ಶುರುವಾಯಿತೆಂದರೆ ಬೆಳಗಿನಿಂದ ನಡುರಾತ್ರಿಯವರೆಗೆ ಗುಂಯ್ ಎನ್ನುವ ಒಂದೇ ನಾದ. ಅವರನ್ನು ದೂರುವಂತಿಲ್ಲ. ನಮ್ಮ ಎರಡೆಕರೆಯ ಅಡಿಕೆಯೂ ಅದೇ ಯಂತ್ರದಲ್ಲಿ ಸುಲಿಯುವುದು. ನಮ್ಮ ಅನ್ನದ ಸದ್ದೇ ನಮ್ಮ ನಿದ್ದೆಯನ್ನು ತಿನ್ನುವುದು, ಯಾರಿಗೆ ಹೇಳೋಣ?

ನಾನು ಮೂವತ್ತಮೂರು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ನಿವೃತ್ತಿಯ ನಂತರ ಏನು ಮಾಡುತ್ತೀರಿ ಎಂದು ಬೀಳ್ಕೊಡುಗೆಯ ದಿನ ಯಾರೋ ಕೇಳಿದಾಗ, “ಕೈಕಟ್ಟಿ ಕೂತು ಸಂಗೀತ ಕೇಳುತ್ತೇನೆ” ಎಂದೆ. ಎಲ್ಲರೂ ನಕ್ಕರು. ನಾನು ತಮಾಷೆಗೆ ಹೇಳಿದ್ದಲ್ಲ. ನೀವೇ ನೆನಪಿಸಿಕೊಳ್ಳಿ, ನಾವು ಹೆಂಗಸರು ಎಂದಾದರೂ ಕೈಯಲ್ಲಿ ಕೆಲಸವಿಲ್ಲದೆ ಹಾಡು ಕೇಳಿದ್ದುಂಟೇ? ಭದ್ರಾವತಿಯ ಆಕಾಶವಾಣಿ ಶುರುವಾದದ್ದು ೧೯೬೫ರಲ್ಲಿ. ಶಿವಮೊಗ್ಗ ಸೀಮೆಯ ನಮ್ಮ ತಲೆಮಾರಿನ ಹೆಣ್ಣುಮಕ್ಕಳಿಗೆ ಸಂಗೀತ ಕಲಿಸಿದ್ದು ಅದೇ. ಆದರೆ ಹೇಗೆ? ರೇಡಿಯೋ ಗೂಡಿನಲ್ಲಿ, ನಾವು ಒರಳಿನ ಮುಂದೆ. ಭೈರವಿಯ ಜೊತೆಗೆ ಬೀಸುವ ಕಲ್ಲು, ಯಮನ್‌ನ ಜೊತೆಗೆ ರೊಟ್ಟಿ ತಟ್ಟುವ ಸದ್ದು. ನಾನು ಕೇಳಿದ ಎಷ್ಟೋ ರಾಗಗಳಿಗೆ ಇಂದಿಗೂ ಒಗ್ಗರಣೆಯ ವಾಸನೆಯಿದೆ.

ಹೀಗಿರುವಾಗ ದಾವಣಗೆರೆಯಲ್ಲಿರುವ ಮಗಳು ರಜೆಗೆ ಬಂದವಳು ತನ್ನ ಹೆಡ್‌ಫೋನನ್ನು ನನ್ನ ತಲೆಗೆ ಸಿಕ್ಕಿಸಿದಳು. ಹಾಡು ಇನ್ನೂ ಶುರುವಾಗಿರಲಿಲ್ಲ. ಅವಳು ಒಂದು ಗುಂಡಿ ಒತ್ತಿದಳು ನೋಡಿ, ಚೇಣಿಯವರ ಯಂತ್ರ ಪಟ್ಟನೆ ನಿಂತುಹೋಯಿತು! “ಕರೆಂಟು ಹೋಯಿತೇನೇ?” ಎಂದೆ. ಅವಳು ನಗುತ್ತ ಅದನ್ನು ತೆಗೆದಳು. ಯಂತ್ರ ಮತ್ತೆ ಗುಂಯ್. ಮತ್ತೆ ಹಾಕಿದಳು. ಮೌನ. ಮೂವತ್ತು ವರ್ಷದಲ್ಲಿ ನನಗಾಗಿ ಏನನ್ನೂ ಬೇಕೆನ್ನದವಳು ಆ ಕ್ಷಣದಲ್ಲಿ ‘ಇದು ಬೇಕು’ ಎಂದುಕೊಂಡೆ. ಶೂನ್ಯಸಿಂಹಾಸನವೇರಿದ ಅಲ್ಲಮಪ್ರಭುವಿನ ಬಳ್ಳಿಗಾವೆ ಇರುವುದು ನಮ್ಮದೇ ತಾಲ್ಲೂಕಿನಲ್ಲಿ. ಆತ ಶೂನ್ಯವನ್ನು ಸಾಧನೆಯಿಂದ ಪಡೆದ. ಅದೇ ತಾಲ್ಲೂಕಿನ ನಾನು ಅದನ್ನು ಅಂಗಡಿಯಲ್ಲಿ ಕೊಳ್ಳಲು ಹೊರಟೆ.

ಬೆಲೆ ಕೇಳಬೇಡಿ ಎನ್ನುವಂತಿಲ್ಲ, ಈ ಕಥೆಯೇ ಬೆಲೆಯದು. ೨೪,೯೯೦ ರೂಪಾಯಿ. ನಿವೃತ್ತಿಯ ಗಳಿಕೆ ರಜೆಯ ಹಣದಲ್ಲಿ ಮಗನ ಮನೆಸಾಲಕ್ಕಿಷ್ಟು, ಮಾಡಿನ ಹೆಂಚು ತೆಗೆಸಿ ಹೊಸದು ಹೊದಿಸಲು ಇಷ್ಟು ಎಂದು ಕಳೆದು ಉಳಿದದ್ದನ್ನು ನನ್ನ ಖಾತೆಯಲ್ಲೇ ಇಟ್ಟಿದ್ದೆ. ಶಿವಮೊಗ್ಗದ ನೆಹರೂ ರಸ್ತೆಯ ಅಂಗಡಿಯೊಂದಕ್ಕೆ ನಾನೊಬ್ಬಳೇ ಬಸ್ಸಿನಲ್ಲಿ ಹೋಗಿ ಕೊಂಡುತಂದೆ. ಅಂಗಡಿಯ ಹುಡುಗ ಸಭ್ಯ. “ಅಮ್ಮಾ, ಹತ್ತು ದಿನ ನೋಡಿ. ಸರಿಬರದಿದ್ದರೆ ಡಬ್ಬಿ, ಬಿಲ್ಲು ಸಮೇತ ತನ್ನಿ, ವಾಪಸು ತಗೋತೀವಿ” ಎಂದ. ಮೇಷ್ಟ್ರು ಬುದ್ಧಿ ಎಲ್ಲಿ ಬಿಡುತ್ತದೆ? “ಹಾಗಂತ ಬಿಲ್ಲಿನ ಮೇಲೆ ಬರೆದು ಸೀಲು ಹಾಕಪ್ಪಾ” ಎಂದೆ. ಬರೆದುಕೊಟ್ಟ.

ಈ ವಸ್ತುವಿನ ಜಾತಕ ಸ್ವಲ್ಪ ಹೇಳಬೇಕು, ಏಕೆಂದರೆ ಇದು ನಮಗೆ ಅಷ್ಟೇನೂ ಹೊರಗಿನದಲ್ಲ. ಈಗಿನ ರೂಪದ ಹೆಡ್‌ಫೋನು ಹುಟ್ಟಿದ್ದು ಅಡುಗೆಮನೆಯಲ್ಲಿ! ಅಮೆರಿಕದ ಯೂಟಾ ಪ್ರಾಂತ್ಯದ ನಥಾನಿಯಲ್ ಬಾಲ್ಡ್‌ವಿನ್ ಎಂಬಾತ ೧೯೧೦ರಲ್ಲಿ ತನ್ನ ಅಡುಗೆಮನೆಯ ಮೇಜಿನ ಮೇಲೆ ಕೈಯಾರೆ ಮಾಡಿ ಅಲ್ಲಿನ ನೌಕಾಪಡೆಗೆ ಕಳಿಸಿದ. ಅವರು ಮೆಚ್ಚಿ ಹೆಚ್ಚು ಬೇಕೆಂದಾಗ, ಅಡುಗೆಮನೆಯಲ್ಲಿ ಒಂದು ಸಲಕ್ಕೆ ಹತ್ತಕ್ಕಿಂತ ಹೆಚ್ಚು ಮಾಡಲಾಗದು ಎಂದನಂತೆ. ಅಡುಗೆಮನೆಯ ಇಕ್ಕಟ್ಟು ಎಲ್ಲ ದೇಶದಲ್ಲೂ ಒಂದೇ. ಅದಕ್ಕೂ ಮೊದಲು ಕಿವಿಗೆ ಯಂತ್ರ ಕಟ್ಟಿಕೊಂಡು ದುಡಿದವರು ಟೆಲಿಫೋನ್ ಎಕ್ಸ್‌ಚೇಂಜಿನವರು. ಬಾಸ್ಟನ್ನಿನಲ್ಲಿ ೧೮೭೮ರಲ್ಲಿ ಎಮ್ಮಾ ನಟ್ ಎಂಬಾಕೆ ಆ ಕೆಲಸಕ್ಕೆ ಸೇರಿದ ಮೊದಲ ಹೆಂಗಸು. ನಮ್ಮ ಕಾಲದಲ್ಲೂ ಟ್ರಂಕ್‌ಕಾಲ್ ಬುಕ್ ಮಾಡಿ ಕಾಯುತ್ತಿದ್ದಾಗ ಆ ಕಡೆಯಿಂದ “ಮಾತಾಡಿ, ಮಾತಾಡಿ” ಎಂದು ಗದರುತ್ತಿದ್ದದ್ದು ಒಂದು ಹೆಣ್ಣುದನಿಯೇ ಅಲ್ಲವೇ? ಕಿವಿಗೆ ಯಂತ್ರ ಹಾಕಿಕೊಂಡು ಊರಿನವರ ಮಾತನ್ನೆಲ್ಲ ಜೋಡಿಸಿಕೊಟ್ಟವರು ನಾವು. ಅದೇ ಯಂತ್ರ ಹಾಕಿಕೊಂಡು ಹಾಡು ಕೇಳಿದವರು ಮಾತ್ರ ಬೇರೆಯವರು.

ಇನ್ನು ಸದ್ದನ್ನೇ ಸದ್ದಿನಿಂದ ಕೊಲ್ಲುವ ಈ ಮಾಯೆ. ಇದನ್ನು ಜನರ ಕಿವಿಗೆ ತಲುಪಿಸಿದವರಲ್ಲಿ ದೊಡ್ಡ ಹೆಸರು ಅಮರ್ ಬೋಸ್ ಅವರದು. ತಂದೆ ಬಂಗಾಳದಿಂದ ಹೋದ ಸ್ವಾತಂತ್ರ್ಯ ಹೋರಾಟಗಾರ. ಮಗ ಹುಟ್ಟಿದ್ದು ೧೯೨೯ರಲ್ಲಿ, ಫಿಲಡೆಲ್ಫಿಯದಲ್ಲಿ. ೧೯೭೮ರಲ್ಲಿ ಜ್ಯೂರಿಕ್‌ನಿಂದ ವಿಮಾನದಲ್ಲಿ ಮರಳುವಾಗ, ಅಲ್ಲಿ ಕೊಟ್ಟ ಹೆಡ್‌ಫೋನಿನಲ್ಲಿ ಎಂಜಿನ್ನಿನ ಮೊರೆತದ ನಡುವೆ ಏನೂ ಕೇಳಿಸದೆ, ಅಲ್ಲೇ ಕೂತು ಲೆಕ್ಕ ಹಾಕಿದರಂತೆ. ವಿಮಾನ ಚಾಲಕರಿಗೆ ಅದು ಸಿಕ್ಕಿದ್ದು ೧೯೮೯ರಲ್ಲಿ, ನಮ್ಮಂಥ ಸಾಮಾನ್ಯರಿಗೆ ೨೦೦೦ದಲ್ಲಿ. ನಾನು ಕೊಂಡದ್ದು ಅವರ ಕಂಪನಿಯದಲ್ಲ, ಬೇರೆಯದು. ಕೆಲಸ ಮಾಡುವ ಬಗೆ ಮಾತ್ರ ಒಂದೇ. ಜಲಾಶಯದ ದಂಡೆಯವಳಾದ್ದರಿಂದ ನನಗೆ ಅರ್ಥವಾದದ್ದು ಹೀಗೆ: ನೀರಿನಲ್ಲಿ ಒಂದು ಅಲೆ ಏಳುವ ಜಾಗಕ್ಕೆ, ಅದು ಎದ್ದಷ್ಟೇ ತಗ್ಗುವ ಇನ್ನೊಂದು ಅಲೆ ಬಂದು ಸೇರಿದರೆ ನೀರು ಸಮವಾಗುತ್ತದೆ. ಹೆಡ್‌ಫೋನಿನ ಮೈಮೇಲಿನ ಪುಟ್ಟ ಮೈಕುಗಳು ಹೊರಗಿನ ಸದ್ದನ್ನು ಕೇಳಿ, ಅದಕ್ಕೆ ಸರಿಯಾಗಿ ತಲೆಕೆಳಗಾದ ಸದ್ದನ್ನು ಒಳಗೆ ಹುಟ್ಟಿಸುತ್ತವೆ. ಎರಡೂ ಸೇರಿ ಸೊನ್ನೆ. ಒಂದೇ ಸಮ ಬರುವ ದಪ್ಪ ಸದ್ದು - ವಿಮಾನ, ಬಸ್ಸು, ಫ್ಯಾನು, ಅಡಿಕೆ ಯಂತ್ರ - ಚೆನ್ನಾಗಿ ಮಾಯವಾಗುತ್ತದೆ. ಹಠಾತ್ತನೆ ಬರುವುದು, ಚೂಪಾಗಿರುವುದು ಅಷ್ಟಾಗಿ ಹೋಗುವುದಿಲ್ಲ. ಮನುಷ್ಯರ ಮಾತು ಸಣ್ಣಗಾಗುತ್ತದೆ, ಸಾಯುವುದಿಲ್ಲ. ಎಂದರೆ, ಇಡೀ ಯಂತ್ರ ಅಡಗಿಹೋದ ಆ ಮೌನದಲ್ಲಿ “ಏ ಇವಳೇ!” ಎಂಬ ನಮ್ಮತ್ತೆಯ ಕರೆ ಮೊದಲಿಗಿಂತ ಸ್ಪಷ್ಟವಾಗಿ ಕೇಳುತ್ತಿತ್ತು.

ಎರಡನೆಯ ದಿನವೇ ಬೆಂಗಳೂರಿನಿಂದ ಅಕ್ಕನ ಮಗ ಬಂದ. ಇಂಜಿನಿಯರು. ಡಬ್ಬಿ ನೋಡಿದವನೇ, “ಅಯ್ಯೋ ಚಿಕ್ಕಮ್ಮಾ, ಇದನ್ನ ಯಾಕೆ ತಗೊಂಡ್ರಿ? ನಂಗೊಂದು ಮಾತು ಕೇಳಬಾರದಿತ್ತೆ?” ಎಂದು, ಊರಿಗೆ ಹೋದವನೇ ಒಂದು ಪತ್ರಿಕೆಯ ಪುಟವನ್ನೇ ಕತ್ತರಿಸಿ, ಕೆಂಪು ಶಾಯಿಯಲ್ಲಿ ಗೆರೆ ಎಳೆದು ಕೊರಿಯರಿನಲ್ಲಿ ಕಳಿಸಿದ. ಅದರಲ್ಲಿ ನನ್ನ ಹೆಡ್‌ಫೋನಿನ ವಿಮರ್ಶೆ. ಅದನ್ನು ಓದುತ್ತಿದ್ದರೆ ನನಗೆ ಹಿಂದಿನ ಕಾಲದಲ್ಲಿ ಹೆಣ್ಣು ನೋಡಿಹೋದವರು ಬರೆಯುತ್ತಿದ್ದ ಕಾಗದದ ನೆನಪಾಯಿತು. ಹುಡುಗಿ ಲಕ್ಷಣವಾಗಿದ್ದಾಳೆ, ಆದರೆ ಬಣ್ಣ ಕಮ್ಮಿ. ಹಾಡು ಬರುತ್ತದೆ, ಆದರೆ ಎತ್ತರ ಸಾಲದು. ಮನೆತನ ಒಳ್ಳೆಯದು, ಆದರೆ... ಇಲ್ಲೂ ಅದೇ ಧಾಟಿ. ಹೊರಗಿನ ಸದ್ದು ತಡೆಯುವುದರಲ್ಲಿ ಎತ್ತಿದ ಕೈ, ಆದರೆ ತಲೆಯನ್ನು ಬಿಗಿಯಾಗಿ ಹಿಡಿಯುತ್ತದೆ. ನಾದ ಗಂಭೀರ, ಆದರೆ ಕೆಳಸ್ವರಗಳು ಅಗತ್ಯಕ್ಕಿಂತ ದಪ್ಪ. ಮಡಚುವ ಕೀಲು ನಾಜೂಕು. ಗಾಳಿಯಿದ್ದರೆ ಫೋನಿನ ಮಾತು ಕೆಡುತ್ತದೆ. ಕೊನೆಗೆ ಐದರಲ್ಲಿ ಮೂರು ನಕ್ಷತ್ರ. ಕೊಳ್ಳಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಪೂರ್ತಿ ಬೈದಿದ್ದರೆ ನಾಳೆಯೇ ಹಿಂದಿರುಗಿಸಬಹುದಿತ್ತು, ಹೊಗಳಿದ್ದರೆ ಇಟ್ಟುಕೊಳ್ಳಬಹುದಿತ್ತು. ಅಡ್ಡಗೋಡೆಯ ಮೇಲೆ ದೀಪ ಇಟ್ಟರೆ ನನ್ನಂಥವಳು ಯಾವ ಕಡೆ ನಡೆಯಬೇಕು?

ಮನೆಯಲ್ಲೂ ಊರಲ್ಲೂ ವಿಮರ್ಶಕರಿಗೆ ಬರವಿರಲಿಲ್ಲ. ಪಕ್ಕದ ಮನೆಯ ಅಕ್ಕ ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದರು. “ಟೀಚರೇ, ಈ ದುಡ್ಡಿಗೆ ಒಂದು ಬಂಗಾರದ ಉಂಗುರ ಬರೋದು. ಬಂಗಾರ ಆಪತ್ತಿಗಾಗ್ತದೆ. ಇದು ಯಾವ ಆಪತ್ತಿಗೆ?” ಎಂದರು. ಈ ಮಾತನ್ನು ಹಾಗೇ ತಳ್ಳಿಹಾಕುವಂತಿಲ್ಲ. ನಮ್ಮ ತಾಯಂದಿರು ಕಷ್ಟ ಕಳೆದದ್ದೇ ಕಿವಿಯ ಓಲೆ, ಕೈಯ ಬಳೆ ಅಡವಿಟ್ಟು. ಈ ಪ್ಲಾಸ್ಟಿಕ್ಕಿನ ಮೇಲೆ ಯಾವ ಸೊಸೈಟಿ ಸಾಲ ಕೊಡುತ್ತದೆ? ಇವರು ಏನೂ ಹೇಳಲಿಲ್ಲ. “ನಿನ್ನ ದುಡ್ಡು, ನಿನ್ನಿಷ್ಟ” ಎಂದರು. ಮದುವೆಯಾಗಿ ಇಷ್ಟು ವರ್ಷವಾದ ಹೆಂಗಸರಿಗೆ ಆ ವಾಕ್ಯದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗಳು ಮಾತ್ರ ಫೋನಿನಲ್ಲಿ, “ಅಮ್ಮಾ, ಯಾರ ಮಾತೂ ಕೇಳಬೇಡ, ಸುಮ್ಮನೆ ಇಟ್ಕೋ” ಎಂದಳು. ಅದೂ ಇನ್ನೊಬ್ಬರ ಮಾತೇ ತಾನೆ?

ಆ ಪತ್ರಿಕೆಯ ಪುಟವನ್ನು ನಾಲ್ಕು ಸಲ ಓದಿದ ಮೇಲೆ ನನಗೊಂದು ಸಂಗತಿ ಹೊಳೆಯಿತು. ಬರೆದಾತ ಅದನ್ನು ವಿಮಾನದಲ್ಲಿ ಹಾಕಿ ನೋಡಿದ್ದ, ಮೆಟ್ರೋ ರೈಲಿನಲ್ಲಿ ನೋಡಿದ್ದ, ವ್ಯಾಯಾಮ ಮಾಡುತ್ತ ನೋಡಿದ್ದ. ಪ್ರಾಮಾಣಿಕವಾಗಿಯೇ ಬರೆದಿದ್ದ. ಆದರೆ ಕಿವಿಯಲ್ಲಿ ಓಲೆ ಇಟ್ಟುಕೊಂಡು ನೋಡಿರಲಿಲ್ಲ. ತಲೆಗೆ ಎಣ್ಣೆ ಹಾಕಿದ ದಿನ ನೋಡಿರಲಿಲ್ಲ. ಒಲೆಯ ಮುಂದಿನ ಬೆವರಿನಲ್ಲಿ ನೋಡಿರಲಿಲ್ಲ. ಅಡಿಕೆ ಯಂತ್ರದ ಪಕ್ಕದಲ್ಲಂತೂ ನೋಡಿಯೇ ಇರಲಿಲ್ಲ. ಆ ಮೂರು ನಕ್ಷತ್ರ ಅವನ ಕಿವಿಯದು, ನನ್ನದಲ್ಲ. ಸರಿ, ಸಾವಿರಾರು ಉತ್ತರ ಪತ್ರಿಕೆ ತಿದ್ದಿದ ಕೈ ಇದು, ಇದನ್ನೊಂದು ತಿದ್ದಲಾರದೇ ಎಂದುಕೊಂಡು, ಹಳೆಯ ನೋಟ್‌ಬುಕ್ ತೆಗೆದು ನಾಲ್ಕು ವಿಷಯ ಬರೆದೆ. ಒಂದೊಂದಕ್ಕೆ ಇಪ್ಪತ್ತೈದು ಅಂಕ.

ಮೊದಲನೆಯದು ಸದ್ದು ತಡೆಯುವುದು. ಯಂತ್ರ ಪೂರ್ತಿ ಗುಂಯ್ಗುಡುವ ಹೊತ್ತಿನಲ್ಲಿ ನಡುಮನೆ, ಹಿತ್ತಲು, ಮಹಡಿ ಮೂರು ಕಡೆ ಕೂತು ನೋಡಿದೆ. ನಡುಮನೆಯಲ್ಲಿ ಯಂತ್ರ ಇಲ್ಲವೇ ಇಲ್ಲ. ಹಿತ್ತಲಲ್ಲಿ ಗಾಳಿ ಬೀಸಿದಾಗ ಬುಸುಬುಸು ಎನ್ನುತ್ತದೆ. ಅಂಕ ಇಪ್ಪತ್ತು.

ಎರಡನೆಯದು ಹಾಡು. ಇದಕ್ಕೆ ನಾನು ಆರಿಸಿದ ಪರೀಕ್ಷಕಿ ಗಂಗೂಬಾಯಿ ಹಾನಗಲ್. ೧೯೧೩ರಲ್ಲಿ ಧಾರವಾಡದಲ್ಲಿ ಹುಟ್ಟಿ, ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಸವಾಯಿ ಗಂಧರ್ವರಲ್ಲಿ ಕಲಿತ ಆ ತಾಯಿಯ ಹಳೆಯ ಧ್ವನಿಮುದ್ರಿಕೆಗಳು ‘ಗಾಂಧಾರಿ ಹುಬ್ಳಿ’ ಎಂಬ ಹೆಸರಿನಲ್ಲಿ ಬಂದಿದ್ದವು. ಅವುಗಳಲ್ಲಿ ದನಿ ಸಣ್ಣದು, ಎತ್ತರದ್ದು. ಮುಂದೆ ಗಂಟಲಿಗೆ ಚಿಕಿತ್ಸೆಯಾದ ಮೇಲೆ ಅದೇ ದನಿ ಗಂಡುದನಿಯಂತೆ ಆಳಕ್ಕಿಳಿಯಿತು. ರೇಡಿಯೋದಲ್ಲಿ ಕೇಳಿ ಯಾರೋ ಗಂಡಸು ಹಾಡುತ್ತಿದ್ದಾನೆಂದು ತಿಳಿದವರೂ ಉಂಟು. ಆ ದನಿಯನ್ನು ಬಿಟ್ಟು ಓಡದೆ, ಅದನ್ನೇ ಪಳಗಿಸಿ, ೨೦೦೯ರಲ್ಲಿ ಕಣ್ಮುಚ್ಚುವವರೆಗೆ ಅದನ್ನೇ ತಮ್ಮ ಕೀರ್ತಿಯಾಗಿ ಉಳಿಸಿಕೊಂಡರು. ಹಳೆಯ ಮುದ್ರಿಕೆಯನ್ನು ಹಾಕಿದಾಗ ತಟ್ಟೆಯ ಕರಕರ ಎಷ್ಟು ಸ್ಪಷ್ಟವಾಗಿ ಕೇಳಿಸಿತೆಂದರೆ, ಹೆಡ್‌ಫೋನೇ ಕೆಟ್ಟಿದೆಯೇನೋ ಎನ್ನಿಸಿತು. ಒಳ್ಳೆಯ ಹೆಡ್‌ಫೋನು ದೋಷವನ್ನು ಮುಚ್ಚುವುದಿಲ್ಲ, ತೋರಿಸುತ್ತದೆ. ನಂತರದ ಮುದ್ರಿಕೆ ಹಾಕಿದೆ. ಕೆಳಸ್ವರ ದಪ್ಪ ಎಂದು ವಿಮರ್ಶಕ ದೂರಿದ್ದನಲ್ಲ, ಆ ದಪ್ಪದಲ್ಲಿ ಗಂಗೂಬಾಯಿಯ ಷಡ್ಜ ನನ್ನ ಎದೆಯ ಹತ್ತಿರ ಬಂದು ಕೂತಿತು. ಸ್ವರ ಹಿಡಿಯುವ ಮುಂಚಿನ ಉಸಿರೂ ಕೇಳಿಸಿತು. ಒಗ್ಗರಣೆಯ ವಾಸನೆಯಿಲ್ಲದೆ ನಾನು ಕೇಳಿದ ಮೊದಲ ಹಾಡು ಅದು. ಅಂಕ ಇಪ್ಪತ್ತೆರಡು. ಮೂರು ಕಳೆದದ್ದು ತಂಬೂರಿಯೂ ಸ್ವಲ್ಪ ದಪ್ಪವಾಗಿದ್ದಕ್ಕೆ.

ಮೂರನೆಯದು ಸುಖ. ಇಲ್ಲಿ ವಿಮರ್ಶಕ ಹೇಳಿದ್ದಕ್ಕಿಂತ ಕಷ್ಟವೇ. ಕಾಲು ಕೆಜಿ ಬೆಲ್ಲದಷ್ಟು ತೂಕ. ಓಲೆಯ ಹಿಂದಿನ ತಿರುಪು ಅರ್ಧ ಗಂಟೆಯಲ್ಲಿ ಕಿವಿಯ ಹಿಂದೆ ಚುಚ್ಚುತ್ತದೆ. ಕನ್ನಡಕದ ಕಡ್ಡಿ ಒತ್ತುತ್ತದೆ. ಎಣ್ಣೆ ತಲೆಯಲ್ಲಿ ಹಾಕಿದರೆ ಮೆತ್ತೆ ಜಿಡ್ಡಾಗುತ್ತದೆ. ಅಂಕ ಒಂಬತ್ತು. ಬಂದ ಮಾರ್ಗ ಇಷ್ಟೇ: ಓಲೆ ತೆಗೆದಿಟ್ಟು, ಮೇಲೆ ಹತ್ತಿ ವಸ್ತ್ರದ ಪಟ್ಟಿ ಸುತ್ತಿ ಹಾಕಿಕೊಳ್ಳುವುದು. ನಾಲ್ಕನೆಯದು ಬೆಲೆ, ಬಾಳಿಕೆ. ಒಂದು ವರ್ಷದ ಗ್ಯಾರಂಟಿ. ಕೀಲು ಮುರಿದರೆ ಇಲ್ಲಿ ರಿಪೇರಿಯಿಲ್ಲ. ಒಳಗಿನ ಬ್ಯಾಟರಿ ನೂರಾರು ಸಲ ಚಾರ್ಜ್ ಆಗುತ್ತ ಆಗುತ್ತ ಸೊರಗುವುದು ಅದರ ಹಣೆಬರಹ. ಮೆತ್ತೆ ಮಾತ್ರ ಬೇರೆ ಸಿಗುತ್ತದೆಂದು ಅಂಗಡಿಗೆ ಫೋನು ಮಾಡಿ ಕೇಳಿಕೊಂಡೆ. ಅಂಕ ಹನ್ನೊಂದು. ಕೂಡಿಸಿ: ಅರವತ್ತೆರಡು. ಪ್ರಥಮ ದರ್ಜೆ. ಡಿಸ್ಟಿಂಕ್ಷನ್ ಇಲ್ಲ.

ಅಂಕ ಬಂತು, ತೀರ್ಪು ಬರಲಿಲ್ಲ. ಏಕೆಂದರೆ ನನ್ನನ್ನು ಕೊರೆಯುತ್ತಿದ್ದ ಪ್ರಶ್ನೆ ಆ ನಾಲ್ಕರಲ್ಲಿ ಇರಲೇ ಇಲ್ಲ. ನಮ್ಮತ್ತೆಗೆ ಎಂಬತ್ತಾರು. ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದರು. ದೊಡ್ಡ ಸದ್ದೇನೂ ಆಗಲಿಲ್ಲ. ಚೊಂಬು ಉರುಳಿದ ಸದ್ದು, ಅಷ್ಟೇ. ಅಡುಗೆಮನೆಯಲ್ಲಿದ್ದ ನಾನು ಆ ಚೊಂಬು ಉರುಳಿದ ರೀತಿ ಸರಿಯಿಲ್ಲವೆಂದು ಓಡಿದೆ. ಇವರು ಪಕ್ಕದ ಜಗಲಿಯಲ್ಲೇ ಇದ್ದರು, ಕೇಳಿಸಿರಲಿಲ್ಲ. ಮೂಳೆ ಮುರಿಯಲಿಲ್ಲ, ದೇವರು ದೊಡ್ಡವನು. ಅಂದಿನಿಂದ ಅತ್ತೆ ಬಚ್ಚಲಿಗೆ ಹೊರಟರೆ ನನ್ನ ಕಿವಿಯೂ ಹಿಂದೆಯೇ ಹೊರಡುತ್ತದೆ. ಅಂಥ ಕಿವಿಗೆ ಕದ ಹಾಕಿ ಕೂತು ಹಾಡು ಕೇಳಲು ಮನಸ್ಸು ಹೇಗೆ ಒಪ್ಪೀತು? ಹೊರಗಿನ ಸದ್ದು ಒಳಗೆ ಬಿಡುವ ಗುಂಡಿಯೊಂದು ಅದರಲ್ಲಿದೆ, ನಿಜ. ಆದರೆ ಅದನ್ನು ಒತ್ತಿದರೆ ಅತ್ತೆಯ ಜೊತೆಗೆ ಅಡಿಕೆ ಯಂತ್ರವೂ ಒಳಗೆ ಬರುತ್ತದೆ. ಮತ್ತೆ ಎಂದಿನ ಛತ್ರವೇ.

ಎಂಟನೆಯ ದಿನ ಡಬ್ಬಿಯನ್ನು ಮತ್ತೆ ಕಟ್ಟಿದೆ. ಬಿಲ್ಲು ಮೇಲಿಟ್ಟೆ. ಇಲ್ಲೊಂದು ವ್ಯವಹಾರದ ಮಾತು, ನಿಮಗೂ ಉಪಯೋಗವಾದೀತು. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯ್ದೆ ೨೦೨೦ರ ಜುಲೈಯಿಂದ ಜಾರಿಯಲ್ಲಿದೆ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ ೩೦ ದಿನದೊಳಗೆ, ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದು ಅದರ ಪ್ರಕಾರ ತಪ್ಪು ವ್ಯಾಪಾರ. ಆದರೆ ‘ಮನಸ್ಸಿಗೆ ಬರಲಿಲ್ಲ’ ಎಂಬುದು ದೋಷವಲ್ಲ. ಅದಕ್ಕೆ ಅಂಗಡಿಯವನ ಮಾತೇ ಆಧಾರ, ಆ ಮಾತು ಬರವಣಿಗೆಯಲ್ಲಿದ್ದರೆ ಮಾತ್ರ ಆಧಾರ. ತಕರಾರಾದರೆ ೧೯೧೫ ಎಂಬ ಸಹಾಯವಾಣಿಯಿದೆ. ನನಗೆ ಅದರ ಅಗತ್ಯವಿರಲಿಲ್ಲ, ಬಿಲ್ಲಿನ ಮೇಲೆ ಸೀಲು ಇತ್ತು. ಕೊಡುವುದು ಸುಲಭ, ಬಸ್ಸು ಬೆಳಿಗ್ಗೆ.

ಅಂದು ರಾತ್ರಿ ಊಟಕ್ಕೆ ಬಡಿಸುವಾಗ ಇವರಿಗೆ ಹೇಳಿದೆ, “ನಾಳೆ ಅದನ್ನ ವಾಪಸು ಕೊಟ್ಟು ಬರ್ತೀನಿ.”

“ಯಾಕೆ? ಚೆನ್ನಾಗಿಲ್ವಾ?”

“ಚೆನ್ನಾಗಿದೆ.”

“ಮತ್ತೆ?”

“ನಾನು ಕಿವಿ ಮುಚ್ಚಿಕೊಂಡರೆ ಈ ಮನೇಲಿ ಕೇಳಿಸಿಕೊಳ್ಳೋರು ಯಾರು ರೀ?”

ಇವರು ತುತ್ತು ಕೈಯಲ್ಲೇ ಹಿಡಿದು ಸ್ವಲ್ಪ ಹೊತ್ತು ಕೂತರು. ಜಗಳಕ್ಕೆಂದು ಹೇಳಿದ ಮಾತಲ್ಲ ಅದು, ಲೆಕ್ಕದ ಮಾತು. ಅವರಿಗೂ ಹಾಗೇ ಕೇಳಿಸಿರಬೇಕು. ಒಳಕೋಣೆಯಿಂದ ಅತ್ತೆಯ ದನಿ ಬಂತು. ಅವರಿಗೆ ಕಿವಿ ಮಂದವೆಂದು ನಾವೆಲ್ಲ ತಿಳಿದಿದ್ದೇವೆ; ಬೇಕಾದ ಮಾತು ಮಾತ್ರ ಹೇಗೆ ಕೇಳುತ್ತದೆಯೋ ಅವರೇ ಬಲ್ಲರು. “ಏ ಇವಳೇ, ಅವನಿಗೂ ಎರಡು ಕಿವಿ ಇಟ್ಟೇ ಹಡೆದಿದೀನಿ. ಒಂದು ಗಳಿಗೆ ಅವನೂ ಕೂತ್ಕಳ್ಳಲಿ ನನ್ನ ಹತ್ರ” ಎಂದರು.

ವಿಮರ್ಶೆ ಎಂದರೆ ಅದು! ಇಂಜಿನಿಯರ ಹುಡುಗನಿಗೆ ಹೊಳೆಯದ್ದು, ಪತ್ರಿಕೆಯವನಿಗೆ ಹೊಳೆಯದ್ದು, ಮೂವತ್ತಮೂರು ವರ್ಷ ಅಂಕ ಹಾಕಿದ ನನಗೂ ಹೊಳೆಯದ್ದು ಆ ಮುದುಕಿಗೆ ಹೊಳೆಯಿತು. ನಾನು ವಸ್ತುವಿನ ಬೆಲೆ ಹಿಡಿದು ಜಗ್ಗಾಡುತ್ತಿದ್ದೆ. ದುಬಾರಿಯಾಗಿದ್ದದ್ದು ಅದನ್ನು ಹಾಕಿಕೊಳ್ಳುವ ಒಂದು ಗಂಟೆ. ಆ ಗಂಟೆಯನ್ನು ಅಂಗಡಿಯಲ್ಲಿ ಮಾರುವುದಿಲ್ಲ. ಅದನ್ನು ಮನೆಯವರೇ ಕೊಡಬೇಕು, ನಾವೂ ಬಾಯಿಬಿಟ್ಟು ಕೇಳಬೇಕು.

ಒಂಬತ್ತನೆಯ ದಿನದಿಂದ ವ್ಯವಸ್ಥೆ ಹೀಗಾಯಿತು. ಸಂಜೆ ನಾಲ್ಕರಿಂದ ಐದರವರೆಗೆ ಇವರು ಅತ್ತೆಯ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರಬೇಕು. ಪತ್ರಿಕೆ ಕೈಯಲ್ಲಿರಕೂಡದು, ಅದು ಒಪ್ಪಂದದ ಮುಖ್ಯ ಕಲಮು. ನಾನು ಮಹಡಿಗೆ ಹೋಗಿ ಓಲೆ ತೆಗೆದಿಟ್ಟು ಕೂರುವುದು. ಸದ್ದಿನ ಮಟ್ಟ ಅರ್ಧಕ್ಕಿಂತ ಮೇಲೇರಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ೮೦ ಡೆಸಿಬಲ್ ಮಟ್ಟದಲ್ಲಾದರೆ ವಾರಕ್ಕೆ ೪೦ ಗಂಟೆ ಕೇಳಬಹುದು, ೯೦ಕ್ಕೇರಿದರೆ ನಾಲ್ಕೇ ಗಂಟೆ. ಹೊರಗಿನ ಗದ್ದಲ ತಡೆಯುವ ಹೆಡ್‌ಫೋನಿನ ನಿಜವಾದ ಉಪಕಾರ ಇದೇ. ಯಂತ್ರವನ್ನು ಮೀರಿಸಲು ಹಾಡನ್ನು ಕಿರಿಚಿಸಬೇಕಾಗಿಲ್ಲ. ಕಿವಿ ಹೋದರೆ ಯಾವ ಅಂಗಡಿಯವನೂ ವಾಪಸು ತೆಗೆದುಕೊಳ್ಳುವುದಿಲ್ಲ ನೋಡಿ.

ಹತ್ತನೆಯ ದಿನ ಬೆಳಗಿನ ಬಸ್ಸು ನಮ್ಮ ಮನೆಯ ಮುಂದೆಯೇ ಹೋಯಿತು. ನಾನು ಅಂಗಳ ಗುಡಿಸುತ್ತಿದ್ದೆ. ಖಾಲಿ ಡಬ್ಬಿಯಲ್ಲಿ ಈಗ ಅತ್ತೆಯ ಮಾತ್ರೆಗಳಿವೆ, ಒಳ್ಳೆಯ ಗಟ್ಟಿ ಡಬ್ಬಿ. ಉಂಗುರದ ಲೆಕ್ಕ ಹೇಳಿದ ಅಕ್ಕ ಮೊನ್ನೆ ಬಂದು, “ಟೀಚರೇ, ಎಲ್ಲಿ, ಒಂದು ಹತ್ತು ನಿಮಿಷ ನಂಗೂ ಹಾಕಿ ನೋಡಾಣ” ಎಂದು, ಏನೂ ಹಾಡಿಲ್ಲದೆ ಬರಿಯ ಮೌನವನ್ನೇ ಅರ್ಧ ಗಂಟೆ ಕೇಳಿ ಹೋದರು. ಯಾವ ಆಪತ್ತಿಗೆ ಎಂದು ಮತ್ತೆ ಕೇಳಲಿಲ್ಲ.

ಇವರ ಕಿವಿ ಇನ್ನೂ ಅಭ್ಯಾಸದಲ್ಲಿದೆ. ನಿನ್ನೆ ಐದಕ್ಕೆ ನಾನು ಮಹಡಿಯಿಂದ ಇಳಿದು ಬಂದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. “ಲೇ, ಕುಕ್ಕರು ಮೂರು ಸಲ ಕೂಗಿತು ಕಣೇ, ನಾನೇ ಆರಿಸಿದೆ” ಎಂದರು, ಎಸ್ಸೆಸ್ಸೆಲ್ಸಿ ಪಾಸಾದ ಹುಡುಗನ ಮುಖ ಮಾಡಿಕೊಂಡು. ಮುಚ್ಚಳ ತೆಗೆದು ನೋಡಿದೆ. ಬೇಳೆಯ ಸ್ಥಿತಿ ಕಂಡರೆ ಐದಾರು ಸಲವಾದರೂ ಕೂಗಿರಬೇಕು. ಸಾರಿಗೆ ಏನೂ ತೊಂದರೆಯಾಗಲಿಲ್ಲ, ಬಡಿಸಿದಾಗ ಎಲ್ಲರೂ ಎರಡನೆಯ ಸಲ ಹಾಕಿಸಿಕೊಂಡರು.